ಐದು ನಿಮಿಷದ ಟೆಸ್ಟ್ ನಂಬಿ ಕಳಿಸಿದ ಕಂಪ್ಯೂಟರ್

ಏಪ್ರಿಲ್ ಮೊದಲ ವಾರ ಕುಮಟೆಯಿಂದ ಫೋನ್ ಬಂತು. ಮದುವೆ ವಿಡಿಯೋ ಎಡಿಟ್ ಮಾಡುವ ಅಕ್ಕ. ಸೀಸನ್ನಿನಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನೂ ರೆಕಾರ್ಡ್ ಮಾಡುತ್ತಾರೆ. "ತಮ್ಮಾ, ನೀನು ಜೋಡಿಸಿ ಕೊಟ್ಟ ಕಂಪ್ಯೂಟರ್ ಮಿಕ್ಸಿ ತರ ಕೂಗ್ತದೆ. ಅದೇ ರೂಮಲ್ಲಿ ವಾಯ್ಸ್ ತಗೊಳ್ಬೇಕು ನಾನು, ಎಂತ ಮಾಡೂದು ಹೇಳು" ಅಂದರು. ಸಿಟ್ಟು ಇರಲಿಲ್ಲ ದನಿಯಲ್ಲಿ, ಸುಸ್ತು ಇತ್ತು. ಅದೇ ನನಗೆ ಜಾಸ್ತಿ ಬೇಜಾರಾಯಿತು.

ನಾನು ಕಾರವಾರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಜೋಡಿಸುವುದು, ರಿಪೇರಿ, ಎರಡೂ. ಆ ಮಷೀನ್ ಜನವರಿಯಲ್ಲಿ ನಾನೇ ಜೋಡಿಸಿದ್ದು. ಇಂಟೆಲ್ ಐ7-13700ಕೆ ಪ್ರೊಸೆಸರ್, 200 ವಾಟ್‌ನ ಗ್ರಾಫಿಕ್ಸ್ ಕಾರ್ಡ್, 360 ಮಿಲಿಮೀಟರ್ ರೇಡಿಯೇಟರ್ ಇರುವ ಲಿಕ್ವಿಡ್ ಕೂಲರ್. ಅಂದರೆ ಒಂದು ಪಂಪ್ ದ್ರವವನ್ನು ಪ್ರೊಸೆಸರ್‌ನಿಂದ ರೇಡಿಯೇಟರ್‌ಗೆ ಸುತ್ತಿಸುತ್ತದೆ, ಅಲ್ಲಿ ಫ್ಯಾನ್ ಗಾಳಿ ಊದಿ ಅದನ್ನು ತಣ್ಣಗೆ ಮಾಡುತ್ತದೆ. ಈ ಪ್ರೊಸೆಸರ್ ಪೂರ್ತಿ ಜೋರಿನಲ್ಲಿ ಓಡಿದರೆ 253 ವಾಟ್ ತನಕ ಎಳೆಯುತ್ತದೆ, 100 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೂಲರ್ ಜೊತೆ ಬಂದ ಫ್ಯಾನ್ ತೆಗೆದು, ಅವರು ಇಷ್ಟಪಟ್ಟ ಬಣ್ಣದ ಲೈಟಿನ ಮೂರು ಫ್ಯಾನ್ ಹಾಕಿದ್ದೆ. ಡಬ್ಬದ ಮೇಲೆ ಗಾಳಿಯ ಪ್ರಮಾಣ ದೊಡ್ಡದಾಗಿ ಬರೆದಿತ್ತು. ಅದನ್ನು ನೋಡಿಯೇ ಹಾಕಿದ್ದು.

ಭಾನುವಾರ ಬ್ಯಾಗಿಗೆ ಸಾಮಾನು ತುಂಬಿಕೊಂಡು ಬಸ್ಸು ಹತ್ತಿದೆ.

ಅವರ ಎಡಿಟಿಂಗ್ ರೂಮು ಮಾಳಿಗೆಯ ಮೇಲೆ. ಎಸಿ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಕೋಣೆಯೊಳಗೆ 33 ಡಿಗ್ರಿ. ಒಂದು ರೆಂಡರ್, ಅಂದರೆ ಎಡಿಟ್ ಆದ ವಿಡಿಯೋವನ್ನು ಪೂರ್ತಿ ತಯಾರಿಸುವ ಕೆಲಸ, ಹಾಕಿಸಿ ಸುಮ್ಮನೆ ನೋಡುತ್ತಾ ಕೂತೆ. ಐದನೇ ನಿಮಿಷಕ್ಕೆ ಪ್ರೊಸೆಸರ್ 80 ಡಿಗ್ರಿ. ಪರವಾಗಿಲ್ಲ ಅನಿಸುವ ಸಂಖ್ಯೆ ಅಲ್ವಾ? ಹತ್ತನೇ ನಿಮಿಷಕ್ಕೆ 89. ಹದಿನೆಂಟನೇ ನಿಮಿಷಕ್ಕೆ 100, ಫ್ಯಾನ್‌ಗಳು ಪೂರ್ತಿ ವೇಗದಲ್ಲಿ, ಪ್ರೊಸೆಸರ್ ವೇಗ ಇಳಿಯತೊಡಗಿತು. ಆಗ ನನಗೆ ಜನವರಿ ನೆನಪಾಯಿತು. ಅಂಗಡಿಯಲ್ಲಿ ಎಸಿ ಹಾಕಿಕೊಂಡು, ಕ್ಯಾಬಿನೆಟ್ಟಿನ ಪಕ್ಕದ ಗಾಜು ತೆಗೆದಿಟ್ಟು, ಐದು ನಿಮಿಷ ಲೋಡ್ ಕೊಟ್ಟು, 72 ಡಿಗ್ರಿ ಅಂತ ಬರೆದು ಪ್ಯಾಕ್ ಮಾಡಿದ್ದೆ.

ಲಿಕ್ವಿಡ್ ಕೂಲರ್‌ನಲ್ಲಿ ಇದು ದೊಡ್ಡ ತಪ್ಪು. ಪ್ರೊಸೆಸರ್ ಬಿಸಿ ಮೊದಲು ಹೋಗುವುದು ಒಳಗಿನ ದ್ರವಕ್ಕೆ. ದ್ರವ ಬಿಸಿಯಾಗಲು ಸಮಯ ಬೇಕು. ಮೊದಲ ಐದು ನಿಮಿಷ ಫ್ಯಾನ್ ಸರಿ ಕೆಲಸ ಮಾಡದಿದ್ದರೂ ಗೊತ್ತಾಗುವುದಿಲ್ಲ, ಏಕೆಂದರೆ ತಣ್ಣಗಿನ ದ್ರವವೇ ಬಿಸಿಯನ್ನು ನುಂಗುತ್ತಿರುತ್ತದೆ. ಅದು ತುಂಬಿದ ಮೇಲೆಯೇ ರೇಡಿಯೇಟರ್ ಎಷ್ಟು ಬಿಸಿ ಹೊರಹಾಕುತ್ತಿದೆ ಅನ್ನುವ ನಿಜ ಹೊರಗೆ ಬರುವುದು, ಅದಕ್ಕೆ ಕಾಲು ಗಂಟೆ, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಇನ್ನೊಂದು, ಯಾವ ಲಿಕ್ವಿಡ್ ಕೂಲರ್ ಕೂಡ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ ಒಂದು ಡಿಗ್ರಿ ಏರಿದರೆ ಒಳಗೂ ಹೆಚ್ಚು ಕಡಿಮೆ ಒಂದು ಡಿಗ್ರಿ ಏರುತ್ತದೆ. ಡಿಸೆಂಬರಿನಲ್ಲಿ ಶಿರಸಿಯಲ್ಲಿ ತಣ್ಣಗೆ ಓಡುವ ಮಷೀನು ಏಪ್ರಿಲ್‌ನಲ್ಲಿ ಘಟ್ಟದ ಕೆಳಗೆ ಹಾಗೇ ಓಡುವುದಿಲ್ಲ.

ಇನ್ನು ಗಾಳಿ ಎಲ್ಲಿಂದ ಬರುತ್ತಿದೆ ಅಂತ ನೋಡಬೇಕಿತ್ತು. ಅಕ್ಕನ ಹತ್ತಿರ ಒಂದು ಊದುಬತ್ತಿ ಕೇಳಿದೆ. ಈ ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಗಾಜು, ಅದರ ಎರಡೂ ಪಕ್ಕ ಬೆರಳಗಲದ ಸಂದು. ಗಾಳಿ ಆ ಸಂದಿನಿಂದಲೇ ಒಳಗೆ ಹೋಗಬೇಕು. ಆಮೇಲೆ ಧೂಳಿನ ಬಲೆ, ಆಮೇಲೆ ಫ್ಯಾನ್, ಆಮೇಲೆ ರೇಡಿಯೇಟರ್. ಊದುಬತ್ತಿಯನ್ನು ಸಂದಿನ ಹತ್ತಿರ ಹಿಡಿದರೆ ಹೊಗೆ ಸೋಮಾರಿಯಾಗಿ ಒಳಗೆ ಹೋಯಿತು, ಅರ್ಧ ಹಾಗೇ ಮೇಲಕ್ಕೆ ತೇಲಿತು. ಪಕ್ಕದ ಗಾಜು ತೆಗೆದು ಒಳಗಡೆ, ರೇಡಿಯೇಟರ್ ಅಂಚಿಗೂ ಕ್ಯಾಬಿನೆಟ್ ತಗಡಿಗೂ ನಡುವೆ ಇರುವ ಬಿರುಕಿನ ಹತ್ತಿರ ಹಿಡಿದೆ. ಅಲ್ಲಿ ಹೊಗೆ ದಾರದ ಹಾಗೆ ನೆಟ್ಟಗಾಗಿ ಸರ್ರನೆ ಮುಂದಕ್ಕೆ, ಫ್ಯಾನಿನ ಕಡೆಗೆ ಹೋಯಿತು. ಅಂದರೆ ಫ್ಯಾನ್‌ಗಳಿಗೆ ಹೊರಗಿನ ಗಾಳಿ ಸಿಗದೆ, ರೇಡಿಯೇಟರ್ ದಾಟಿ ಬಿಸಿಯಾದ ಗಾಳಿಯನ್ನೇ ಹಿಂದಿನಿಂದ ಎಳೆದುಕೊಂಡು ಮತ್ತೆ ಊದುತ್ತಿದ್ದವು. ಅದೇ ಗಾಳಿ ಸುತ್ತುತ್ತಿತ್ತು. ಅಕ್ಕನೂ ಬಗ್ಗಿ ನೋಡಿದರು, "ಅಯ್ಯೋ, ಬಚ್ಚಲ ಒಲೆ ಹೊಗೆ ತರವೇ ತಿರುಗಿ ಬರ್ತದಲ್ಲ" ಅಂದರು. ಸರಿಯಾಗಿ ಹೇಳಿದರು.

ಫ್ಯಾನ್ ಆಯ್ಕೆಯ ವಿಷಯಕ್ಕೆ ಬರುತ್ತೇನೆ, ನನಗೆ ನಿಜವಾಗಿ ಹೇಳಬೇಕಿರುವುದು ಇದೇ. ಡಬ್ಬದ ಮೇಲಿನ ಗಾಳಿಯ ಪ್ರಮಾಣ ಅಂದರೆ ಫ್ಯಾನಿನ ಮುಂದೆ ಹಿಂದೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ರೇಡಿಯೇಟರ್ ಅಂದರೆ ಒತ್ತೊತ್ತಾಗಿ ಮಡಚಿದ ಅಲ್ಯೂಮಿನಿಯಂ ರೇಕುಗಳ ಗೋಡೆ. ಅದರೊಳಗೆ ಗಾಳಿ ನುಗ್ಗಿಸಲು ಒತ್ತಡ ಬೇಕು. ಅಜ್ಜಿ ಒಲೆ ಊದುವಾಗ ಬೀಸಣಿಗೆ ಬಿಟ್ಟು ಊದುಗೊಳವೆ ಹಿಡಿಯುತ್ತಿದ್ದಳು, ಗಾಳಿ ಕಡಿಮೆಯೇ, ಆದರೆ ಕೆಂಡದ ಒಳಗೆ ಹೋಗುತ್ತಿತ್ತು. ಫ್ಯಾನ್‌ನಲ್ಲಿ ಈ ಒತ್ತಡವನ್ನು ಮಿಲಿಮೀಟರ್ ನೀರಿನ ಲೆಕ್ಕದಲ್ಲಿ ಬರೆದಿರುತ್ತಾರೆ. ಒಂದೇ ಕಂಪನಿಯ ಎರಡು 120 ಮಿಲಿಮೀಟರ್ ಫ್ಯಾನ್ ತೆಗೆದುಕೊಳ್ಳಿ. ನಾಕ್ಟುವಾ ಎನ್‌ಎಫ್-ಎಸ್12ಎ ಗಂಟೆಗೆ 107.5 ಘನ ಮೀಟರ್ ಗಾಳಿ ಕೊಡುತ್ತದೆ, ಒತ್ತಡ 1.19 ಮಾತ್ರ. ಅದರದ್ದೇ ಎನ್‌ಎಫ್-ಎಫ್12 ಗಾಳಿ ಕೊಡುವುದು 93.4, ಒತ್ತಡ 2.61. ಗಾಳಿಯ ಪ್ರಮಾಣ ಮಾತ್ರ ನೋಡಿದರೆ ಮೊದಲನೆಯದು ಗೆಲ್ಲುತ್ತದೆ, ರೇಡಿಯೇಟರ್ ಮೇಲೆ ಕೂರಿಸಿದರೆ ಎರಡನೆಯದು. ಮೊದಲನೆಯದು ಕೆಟ್ಟ ಫ್ಯಾನ್ ಅಲ್ಲ, ಅದರ ಜಾಗ ಬೇರೆ. ಕ್ಯಾಬಿನೆಟ್ಟಿನ ಮುಂದೆ, ಅಡ್ಡ ಏನೂ ಇಲ್ಲದ ಕಡೆ, ಅದು ಚೆನ್ನಾಗಿ ದುಡಿಯುತ್ತದೆ. ಎರಡೂ ಸಂಖ್ಯೆ ಒಟ್ಟಿಗೆ ನೋಡಿ ಕೊಳ್ಳಬೇಕು ಅಷ್ಟೇ, ಒಂದೇ ಸಂಖ್ಯೆ ದೊಡ್ಡದಾಗಿ ಬರೆದು ಇನ್ನೊಂದನ್ನು ಬರೆಯದ ಡಬ್ಬ ಬಂದರೆ ನಾನು ಈಗ ರೇಡಿಯೇಟರ್‌ಗೆ ಹಾಕುವುದಿಲ್ಲ.

ಎಷ್ಟು ಗಾಳಿ ಬೇಕು ಅನ್ನುವುದಕ್ಕೂ ಸುಲಭದ ಲೆಕ್ಕ ಇದೆ. 200 ವಾಟ್ ಬಿಸಿಯನ್ನು ಗಂಟೆಗೆ 100 ಘನ ಮೀಟರ್ ಗಾಳಿ ಹೊತ್ತುಕೊಂಡು ಹೋದರೆ ಆ ಗಾಳಿ ಸುಮಾರು 6 ಡಿಗ್ರಿ ಬಿಸಿಯಾಗುತ್ತದೆ. ಗಾಳಿ ಅರ್ಧ ಆದರೆ 12 ಡಿಗ್ರಿ. ಅಕ್ಕನ ಮಷೀನಿನಲ್ಲಿ ಆ ಬಿಸಿಯಾದ ಗಾಳಿಯೇ ಮತ್ತೆ ಮತ್ತೆ ಒಳಗೆ ಬರುತ್ತಿದ್ದದ್ದು.

ಅವತ್ತು ಸಂಜೆ ಮಷೀನನ್ನು ಕಾರವಾರಕ್ಕೆ ತಂದೆ. ಅಂಗಡಿಯ ಅಣ್ಣನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಸ ಫ್ಯಾನಿಗೆ ದುಡ್ಡು ಯಾರು ಕೊಡುವುದು ಅನ್ನುವ ಪ್ರಶ್ನೆ ನನ್ನ ಬಾಯಲ್ಲೇ ಇತ್ತು. "ಟೆಸ್ಟ್ ನಾವು ಸರಿ ಮಾಡ್ಲಿಲ್ಲ ಅಂದ್ಮೇಲೆ ಅವ್ರ ಹತ್ರ ಹೇಗೆ ಕೇಳೂದು?" ಅಂದ ಅಣ್ಣ. ಅಷ್ಟೇ ಮಾತು.

ರೇಡಿಯೇಟರನ್ನು ಮುಂದಿನಿಂದ ತೆಗೆದು ಮೇಲಕ್ಕೆ ಹಾಕಿದೆ. ಅಲ್ಲಿ ಜಾಲರಿ ಇದೆ, ಗಾಳಿ ಸರಾಗ. ಹಾಕುವ ಮೊದಲು ಅಳೆಯಬೇಕು. ಸಾಮಾನ್ಯ ರೇಡಿಯೇಟರ್ ದಪ್ಪ 27 ಮಿಲಿಮೀಟರ್, ಫ್ಯಾನ್ 25, ಒಟ್ಟು 52 ಮಿಲಿಮೀಟರ್ ಕೆಳಗೆ ಇಳಿಯುತ್ತದೆ, ಎತ್ತರದ ರ್‍ಯಾಮ್ ಇದ್ದರೆ ತಾಗುತ್ತದೆ. ಇದರಲ್ಲಿ ಕೂದಲೆಳೆಯಷ್ಟು ಜಾಗ ಉಳಿಯಿತು. ಫ್ಯಾನಿನ ಸ್ಕ್ರೂ 30 ಮಿಲಿಮೀಟರ್ ಉದ್ದದ್ದು, ರೇಡಿಯೇಟರನ್ನು ಕ್ಯಾಬಿನೆಟ್ಟಿಗೆ ಬಿಗಿಯುವುದು ಗಿಡ್ಡದ್ದು. ಇವೆರಡನ್ನು ಅದಲು ಬದಲು ಮಾಡಿದರೆ ಉದ್ದದ ಸ್ಕ್ರೂ ದ್ರವದ ನಾಳವನ್ನೇ ಚುಚ್ಚುತ್ತದೆ, ಆಮೇಲೆ ಕೂಲರ್ ಕಸಕ್ಕೆ. ಅದಕ್ಕೇ ಎರಡು ಬೇರೆ ಬಟ್ಟಲಲ್ಲಿ ಹಾಕಿಟ್ಟುಕೊಳ್ಳುತ್ತೇನೆ.

ಹೊಸ ಮೂರು ಫ್ಯಾನ್ ಒತ್ತಡದವು, ನಾಲ್ಕು ಮೂಲೆಯೂ ತುಂಬಿದ ಚೌಕದ್ದು, ಮೂಲೆಯಲ್ಲಿ ರಬ್ಬರ್. ಮೂಲೆ ಕತ್ತರಿಸಿದಂತಿರುವ ಚೌಕಟ್ಟಿನಲ್ಲಿ ಗಾಳಿ ಪಕ್ಕಕ್ಕೆ ಸೋರುತ್ತದೆ. ಹೊಸ ಫ್ಯಾನ್‌ಗಳು ಕೆಳಗಿನಿಂದ ಮೇಲಕ್ಕೆ ಊದಿ ಬಿಸಿ ಹೊರಗೆ ಹಾಕುತ್ತವೆ. ಲೈಟಿನ ಹಳೆ ಫ್ಯಾನ್‌ಗಳನ್ನು ಮುಂದೆ, ಗಾಳಿ ಒಳಗೆ ತರಲು ಹಾಕಿದೆ, ಅಲ್ಲಿ ಅವು ಸರಿಯಾಗಿಯೇ ಕೆಲಸ ಮಾಡುತ್ತವೆ. ಮುಂದಿನ ಗಾಜು ತೆಗೆಯಲಾ ಅಂತ ಫೋನ್ ಮಾಡಿ ಕೇಳಿದೆ. "ಚೆಂದ ಬೇಡ ತಮ್ಮಾ, ಸದ್ದು ಕಡಿಮೆಯಾದ್ರೆ ಸಾಕು" ಅಂದರು. ತೆಗೆದೆ, ಧೂಳಿನ ಬಲೆ ಮಾತ್ರ ಬಿಟ್ಟೆ.

ಮೇಲೆ ಹಾಕಿದರೆ ಗ್ರಾಫಿಕ್ಸ್ ಕಾರ್ಡಿನ ಬಿಸಿ ಗಾಳಿ ರೇಡಿಯೇಟರಿಗೆ ಹೋಗುತ್ತದಲ್ಲ ಅಂತ ಕೇಳುವವರಿದ್ದಾರೆ. ಹೌದು, ಹೋಗುತ್ತದೆ. ಮುಂದೆ ಹಾಕಿದರೆ ಪ್ರೊಸೆಸರ್‌ಗೆ ಕೋಣೆಯ ತಾಜಾ ಗಾಳಿ ಸಿಗುತ್ತದೆ, ಆದರೆ ಆ ಬಿಸಿಯೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೈಮೇಲೆ ಬೀಳುತ್ತದೆ. ಮುಂಭಾಗ ಪೂರ್ತಿ ಜಾಲರಿ ಇದ್ದು, ಕೆಲಸವೆಲ್ಲ ಪ್ರೊಸೆಸರ್ ಮೇಲೇ ಇದ್ದರೆ ಮುಂದೆಯೇ ಹಾಕಿ. ಎಡಿಟಿಂಗ್‌ನಲ್ಲಿ ಎರಡೂ ದುಡಿಯುತ್ತವೆ, ಅದಕ್ಕೆ ನನ್ನ ಮಟ್ಟಿಗೆ ಮೇಲೆಯೇ ಸರಿ. ಹೇಗೆ ಹಾಕಿದರೂ ಪಂಪ್ ಮಾತ್ರ ಎಲ್ಲಕ್ಕಿಂತ ಎತ್ತರದಲ್ಲಿ ಇರಬಾರದು. ಒಳಗೆ ಉಳಿದ ಗಾಳಿಗುಳ್ಳೆ ಎತ್ತರದ ಜಾಗಕ್ಕೆ ಹೋಗಿ ಕೂರುತ್ತದೆ, ಅದು ರೇಡಿಯೇಟರ್ ತುದಿಯಲ್ಲಿ ಇದ್ದರೆ ತೊಂದರೆ ಇಲ್ಲ, ಪಂಪಿನಲ್ಲಿ ಕೂತರೆ ಗೊಳಗೊಳ ಸದ್ದು, ಆಮೇಲೆ ಪಂಪೇ ಹೋಗುತ್ತದೆ. ರೇಡಿಯೇಟರಿನ ಎರಡೂ ಮುಖಕ್ಕೆ ಸೇರಿ ಆರು ಫ್ಯಾನ್ ಹಾಕಿ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ, ತೆಳು ರೇಡಿಯೇಟರಿನಲ್ಲಿ ಸಿಗುವ ಲಾಭ ಖರ್ಚಿಗೆ ಸಮ ಆಗುವುದಿಲ್ಲ.

ಸದ್ದಿನ ವಿಷಯ. ಫ್ಯಾನಿನ ವೇಗ ಎರಡು ಪಟ್ಟು ಮಾಡಿದರೆ ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ. ಅದೇ ವೇಗದ ಇನ್ನೊಂದು ಫ್ಯಾನ್ ಸೇರಿಸಿದರೆ ಏರುವುದು 3 ಮಾತ್ರ. ಹಾಗಾಗಿ ಒಂದೆರಡು ಫ್ಯಾನ್ ಓಡೋಡಿ ಸುಸ್ತಾಗುವುದಕ್ಕಿಂತ ಮೂರು ನಿಧಾನಕ್ಕೆ ತಿರುಗುವುದು ಒಳ್ಳೆಯದು. ಇನ್ನೊಂದು ಕಿರಿಕಿರಿ ಎಂದರೆ ಸದ್ದು ಏರಿ ಇಳಿಯುವುದು. ಒಂದು ಪ್ರೋಗ್ರಾಂ ತೆರೆದ ಕೂಡಲೇ ಪ್ರೊಸೆಸರ್ ಬಿಸಿ ಕ್ಷಣದಲ್ಲಿ ಇಪ್ಪತ್ತು ಡಿಗ್ರಿ ಹಾರುತ್ತದೆ, ದ್ರವ ಇನ್ನೂ ತಣ್ಣಗೇ ಇರುತ್ತದೆ, ಆದರೂ ಫ್ಯಾನ್ ಹೆದರಿ ಓಡುತ್ತದೆ. ಈ ಕೂಲರ್‌ನಲ್ಲಿ ದ್ರವದ ಬಿಸಿ ಅಳೆಯುವ ಸೆನ್ಸರ್ ಇತ್ತು, ಫ್ಯಾನನ್ನು ಅದಕ್ಕೇ ಕಟ್ಟಿದೆ. ಸೆನ್ಸರ್ ಇಲ್ಲದಿದ್ದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಫ್ಯಾನ್ ವೇಗ ಏರುವ ಮೊದಲು ಕೆಲವು ಸೆಕೆಂಡ್ ತಡ ಇಡಬಹುದು. ಪಂಪ್ ಮಾತ್ರ ಒಂದೇ ವೇಗದಲ್ಲಿ ಓಡಲಿ.

ಈ ಸಲ ಎಸಿ ಆರಿಸಿ, ಎಲ್ಲ ಮುಚ್ಚಳ ಹಾಕಿ, ಅರ್ಧ ಗಂಟೆ ಓಡಿಸಿದೆ. ಅಂಗಡಿ 32 ಡಿಗ್ರಿ, ಪ್ರೊಸೆಸರ್ 88ಕ್ಕೆ ಹೋಗಿ ನಿಂತಿತು. ಆಮೇಲೆ ಬಯಾಸ್‌ನಲ್ಲಿ ಪವರ್ ಮಿತಿಯನ್ನು 253ರಿಂದ 200 ವಾಟ್‌ಗೆ ಇಳಿಸಿದೆ, 79ಕ್ಕೆ ಬಂತು. ಫ್ಯಾನ್ ನಿಮಿಷಕ್ಕೆ 1,100 ಸುತ್ತು. ಪಕ್ಕದಲ್ಲಿ ನಿಂತು ಮೆಲ್ಲಗೆ ಮಾತಾಡಬಹುದಿತ್ತು.

ಹಳೆ ಫ್ಯಾನ್ ಬಿಚ್ಚುವಾಗ ಕಂಡದ್ದನ್ನು ಹೇಳಲೇಬೇಕು. ಮೂರೇ ತಿಂಗಳು, ಸ್ಕ್ರೂ ತಲೆಗಳಿಗೆ ಆಗಲೇ ತುಕ್ಕಿನ ಕೆಂಪು. ರೇಕುಗಳ ಮುಖದಲ್ಲಿ ಧೂಳು ಒಣಗಿ ಕೂತಿರಲಿಲ್ಲ, ಜಿಗುಟಾಗಿ ಅಂಟಿತ್ತು, ಉಗುರಿನಿಂದ ಕೆರೆದರೆ ಪದರದ ಹಾಗೆ ಬಂತು, ಅಲ್ಲಲ್ಲಿ ಬಿಳಿ ಪುಡಿ. ಕಡಲ ಗಾಳಿಯ ಉಪ್ಪು ತೇವ ಹೀರುತ್ತದೆ, ತೇವಕ್ಕೆ ಧೂಳು ಅಂಟುತ್ತದೆ. ಬ್ಲೋವರ್ ಹೊಡೆದರೆ ಇದು ಹೋಗುವುದಿಲ್ಲ. ಫ್ಯಾನ್ ಬಿಚ್ಚಿ, ಮೆತ್ತಗಿನ ಪೇಂಟ್ ಬ್ರಷ್‌ನಿಂದ ರೇಕು ಬಗ್ಗದ ಹಾಗೆ ಉದ್ದಕ್ಕೆ ಎಳೆಯಬೇಕು. ನಮ್ಮ ಕಡೆ ಆರು ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು, ಬಲೆಯನ್ನು ಹದಿನೈದು ದಿನಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಮಳೆಗಾಲದಲ್ಲಿ ಕೂಲರ್ ಮೇಲೆ ನೀರಿನ ಹನಿ ಕೂರುತ್ತದಾ ಅಂತ ತುಂಬಾ ಜನ ಹೆದರುತ್ತಾರೆ. ಇಲ್ಲ, ಅದು ಕೋಣೆಗಿಂತ ತಣ್ಣಗಾಗುವುದೇ ಇಲ್ಲವಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಆರಿಸಿ ಇಡಬೇಡಿ, ದಿನಕ್ಕೆ ಅರ್ಧ ಗಂಟೆಯಾದರೂ ಓಡಲಿ, ಒಳಗೆ ಬೆಚ್ಚಗಿದ್ದರೆ ತೇವ ನಿಲ್ಲುವುದಿಲ್ಲ.

ಈಗ ನಮ್ಮ ಟೆಸ್ಟ್ ಮೇಜಿನ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ಎಸಿ ಆರಿಸಬೇಕು, ಮುಚ್ಚಳ ಹಾಕಬೇಕು, ಮೂವತ್ತು ನಿಮಿಷ, ಕೋಣೆಯ ಬಿಸಿ ಬರೆಯಬೇಕು. ಮೊದಮೊದಲು ಜೊತೆಯ ಹುಡುಗನಿಗೆ ಸೆಕೆಯಲ್ಲಿ ಅಷ್ಟು ಹೊತ್ತು ಕಾಯುವುದು ಕಷ್ಟವಾಯಿತು. ಹೋದ ವಾರ ಶಿರಸಿಗೆ ಹೋಗಬೇಕಿದ್ದ ಒಂದು ಮಷೀನ್, ಹತ್ತು ನಿಮಿಷದ ತನಕ ಚೆನ್ನಾಗಿತ್ತು, ಇಪ್ಪತ್ತೆರಡನೇ ನಿಮಿಷಕ್ಕೆ 95 ದಾಟಿತು. ಗಿರಾಕಿ ಎದುರಿಗೇ ಕೂತಿದ್ದರು. ಹುಡುಗ ತಾನೇ ಡ್ರಾಯರಿನಿಂದ ಊದುಬತ್ತಿ ತೆಗೆದು ಹಚ್ಚಿದ. ಎರಡು ಫ್ಯಾನಿನ ಹತ್ತಿರ ಹೊಗೆ ಒಳಗೆ ಹೋಯಿತು, ನಡುವಿನದ್ದರಲ್ಲಿ ಮುಖಕ್ಕೆ ಬಂತು. ಫ್ಯಾನಿನ ಕಡ್ಡಿಗಳಿರುವ ಮಗ್ಗುಲಿನಿಂದ ಗಾಳಿ ಹೊರಗೆ ಬರುತ್ತದೆ, ಅದೊಂದನ್ನು ನಾವು ತಿರುಗಿಸಿ ಕೂರಿಸಿದ್ದೆವು. ನಾಲ್ಕು ಸ್ಕ್ರೂ ಬಿಚ್ಚಿ ಸರಿ ಮಾಡಿದ, ಮತ್ತೆ ಮೊದಲಿನಿಂದ ಮೂವತ್ತು ನಿಮಿಷ ಇಟ್ಟ, ಗಿರಾಕಿಗೆ ಒಂದು ಚಾ ಹೇಳಿ ಬಂದ.