ಇಟ್ಟುಕೊಳ್ಳಲಾ, ಮಾರಿಬಿಡಲಾ?

ನನ್ನ ಮೇಜಿನ ಮೇಲೆ ಹಾಡಿನ ದನಿ ಏರಿಸುವ ಎರಡು ಹಳೇ ವಾಲ್ವ್ (ಗಾಜಿನ ಟ್ಯೂಬ್) ಆಂಪ್ಲಿಫೈಯರ್‌ಗಳು ಬೋರಲು ಬಿದ್ದು ನಾಲ್ಕು ತಿಂಗಳಾಯಿತು. ಒಂದು ತುಕ್ಕು ಹಿಡಿದದ್ದು, ಇನ್ನೊಂದು ಮದುಮಗನ ಹಾಗೆ ಫಳಫಳ. ಎರಡನ್ನೂ ನಂಬುವ ಹಾಗಿಲ್ಲ. ಒಂದನ್ನಾದರೂ ಸಾಗಹಾಕಲೇಬೇಕಿತ್ತು.

ತುಕ್ಕು ಹಿಡಿದದ್ದರಲ್ಲಿ ಸ್ಪೀಕರ್ ನಡೆಸುವ ಎರಡು ಇಎಲ್84 ವಾಲ್ವ್, ಅವುಗಳ ಮುಂದೆ ಸಿಗ್ನಲ್ ಹಿಗ್ಗಿಸುವ ಒಂದು ಇಸಿಸಿ83. ಹತ್ತು ನಿಮಿಷ ಚೆನ್ನಾಗಿ ಹಾಡುತ್ತಿತ್ತು, ಆಮೇಲೆ ದನಿ ಒಡೆಯುತ್ತಿತ್ತು. ಒಂದು ರಾತ್ರಿ ಕೋಣೆಯ ದೀಪ ಆರಿಸಿ ಸುಮ್ನೆ ನೋಡುತ್ತಾ ಕೂತೆ. ಒಂದು ವಾಲ್ವಿನ ಒಳಗಿನ ಬೂದು ತಗಡಿನ ಮೇಲೆ ಉಗುರಿನಷ್ಟು ಕೆಂಪು ಮೂಡಿತು. ವಾಲ್ವನ್ನು ಕಾಯಿಸುವ ಹೀಟರ್‌ನ ಕಿತ್ತಳೆ ಬೆಳಕಲ್ಲ, ಆ ತಗಡೇ, ಅಂದರೆ ಪ್ಲೇಟೇ, ಕಾದು ಕೆಂಪಾಗುತ್ತಿತ್ತು. ತಕ್ಷಣ ಆಫ್ ಮಾಡಿದೆ.

ವಾಲ್ವ್ ಕೆಟ್ಟಿದೆ ಅಂತ ಹೊಸದು ಹಾಕಿಬಿಡೋಣ ಅನಿಸುತ್ತದೆ ಅಲ್ವಾ? ಹಾಕಿದ್ದರೆ ಅದೂ ಸುಟ್ಟು ಹೋಗುತ್ತಿತ್ತು. ಎರಡು ವಾಲ್ವ್‌ಗಳನ್ನು ಅದಲುಬದಲು ಮಾಡಿದೆ. ಕೆಂಪು ಅದೇ ಸಾಕೆಟ್‌ನಲ್ಲೇ ಉಳಿಯಿತು, ಅಂದರೆ ತಪ್ಪು ವಾಲ್ವಿನದ್ದಲ್ಲ. ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್‌ನಲ್ಲಿ ಸೊನ್ನೆ ವೋಲ್ಟ್ ಇರಬೇಕಾದ ಕಡೆ ಮೀಟರ್ 6 ತೋರಿಸಿತು. ಹಿಂದಿನ ಹಂತದ ಡಿಸಿ ವೋಲ್ಟೇಜ್ ಗ್ರಿಡ್‌ಗೆ ಬಾರದಂತೆ ತಡೆಯಬೇಕಾದ ಹಳೇ ಪೇಪರ್ ಕೆಪಾಸಿಟರ್ ಸೋರುತ್ತಿತ್ತು, ಅದರಿಂದಲೇ ಕರೆಂಟ್ ಮಿತಿಮೀರಿ ಪ್ಲೇಟ್ ಕಾಯುತ್ತಿತ್ತು. ಆ ಕೆಪಾಸಿಟರನ್ನೂ ಅದರ ಜೋಡಿಯನ್ನೂ ಕಿತ್ತು ಹೊಸದು ಹಾಕಿದೆ. ಕರೆಂಟನ್ನು ಸಮ ಮಾಡಬೇಕಾದ, ಈಗ ಗುಂಯ್ ಅನ್ನಿಸುತ್ತಿದ್ದ ಫಿಲ್ಟರ್ ಕೆಪಾಸಿಟರ್‌ಗಳನ್ನೂ ಅದೇ ದಿನ ಬದಲಿಸಿದೆ. (ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ 300 ವೋಲ್ಟ್ ಕಾದು ಕೂತಿರಬಹುದು. ರೆಸಿಸ್ಟರ್ ಇಟ್ಟು ಇಳಿಸಿ, ಮೀಟರ್‌ನಲ್ಲಿ ನೋಡಿದ ಮೇಲೇ ನಾನು ಕೈ ಹಾಕುವುದು. ಒಮ್ಮೆ ಹೊಡೆಸಿಕೊಂಡಿದ್ದೇನೆ, ಸಾಕು.) ಈಗ ಸಂಜೆಯೆಲ್ಲ ಹಾಡುತ್ತದೆ. ತುಕ್ಕು ಹಾಗೇ ಇದೆ, ಇರಲಿ.

ಫಳಫಳ ಅನ್ನುವುದೇ ತಲೆನೋವು. ಇಎಲ್34 ವಾಲ್ವ್‌ಗಳು, ಎಲ್ಲ ನಾಬ್‌ಗಳೂ ಮೂಲದವು. ಅರ್ಧ ಗಂಟೆ ಆದ ಮೇಲೆ ಬಲ ಚಾನೆಲ್ ಸೊರಗಿ ಕೊರಕೊರ ಅನ್ನುತ್ತದೆ. ಸಾಕೆಟ್ ತೊಳೆದೆ. ಪೆನ್ಸಿಲ್ ತುದಿಯಿಂದ ವಾಲ್ವ್ ತಟ್ಟಿದೆ. ಅನುಮಾನ ಬಂದ ಕಡೆಯೆಲ್ಲ ಮತ್ತೆ ಬೆಸುಗೆ ಹಾಕಿದೆ. ಮೂರು ಭಾನುವಾರ ಹೋದವು. ಕೊನೆಗೆ ಆ ಚಾನೆಲ್‌ನ ವಾಲ್ವ್‌ಗಳನ್ನು ಸ್ಪೀಕರ್‌ಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅಳೆದೆ. ತಣ್ಣಗಿದ್ದಾಗ ಪ್ರೈಮರಿಯ, ಅಂದರೆ ವಾಲ್ವ್ ಕಡೆಯ ಸುರುಳಿಯ, ಎರಡೂ ಅರ್ಧ ತಲಾ 90 ಓಮ್ ಆಸುಪಾಸು. ಬಿಸಿಯಾದಾಗ ಆಫ್ ಮಾಡಿ ಅಳೆದರೆ ಒಂದರ್ಧ ಓಪನ್. ಸುರುಳಿಯ ಒಳಗೆಲ್ಲೋ ತಂತಿ ಬಿಟ್ಟುಕೊಳ್ಳುತ್ತಿದೆ.

ಕೆಪಾಸಿಟರ್ ಆಗಿದ್ದರೆ ಒಂದು ಸಂಜೆಯ ಕೆಲಸ. ಇದಕ್ಕೆ ಮತ್ತೆ ತಂತಿ ಸುತ್ತಿಸಬೇಕು, ಅಂದರೆ ರೀವೈಂಡ್. ಪ್ರೈಮರಿ, ಸೆಕೆಂಡರಿ (ಸ್ಪೀಕರ್ ಕಡೆಯ ಸುರುಳಿ) ಪದರಗಳನ್ನು ಮೊದಲಿದ್ದ ಹಾಗೇ ಒಂದರ ಮಧ್ಯೆ ಒಂದು ಸುತ್ತದಿದ್ದರೆ ಎಡ ಚಾನೆಲ್ ಜೊತೆ ಹೊಂದುವುದಿಲ್ಲ. ಅಷ್ಟು ತಾಳ್ಮೆ ನನ್ನಲ್ಲಿಲ್ಲ. ಮಾರುವುದು ಅಂತ ತೀರ್ಮಾನಿಸಿದೆ.

ಸುಳ್ಳು ಯಾಕೆ, ಒಂದು ಗಳಿಗೆ ಆಸೆ ಬಂತು. ಕೊಳ್ಳುವವರು ಹತ್ತು ನಿಮಿಷ ಕೇಳಿ ಹೋಗುತ್ತಾರೆ, ಅಷ್ಟು ಹೊತ್ತು ಇದು ಬಂಗಾರದಂತೆ ಹಾಡುತ್ತದೆ. ಆದರೂ ‘ಬಲ ಟ್ರಾನ್ಸ್‌ಫಾರ್ಮರ್ ಬಿಸಿಯಾದರೆ ಕೈಕೊಡುತ್ತದೆ’ ಅಂತ ಚೀಟಿ ಬರೆದು ಅಂಟಿಸಿದೆ. ಮೊದಲು ಬಂದವರು ಅದನ್ನು ಓದಿ, ‘ಎಡಗಡೆಯದು ಸರಿ ಇದೆ ತಾನೇ?’ ಅಂದರು. ಅವರ ಮನೆಯಲ್ಲೂ ಇಂಥದ್ದೇ ಒಂದಿದೆಯಂತೆ, ಅದರದ್ದೂ ಒಂದು ಟ್ರಾನ್ಸ್‌ಫಾರ್ಮರ್ ಹೋಗಿದೆಯಂತೆ.