ವಾಲ್ವಿಸ್ ಬೇಯ ಹಗ್ಗ ಕಟ್ಟುವ ಹೆಂಗಸರು

ಸ್ವಾಕೋಪ್‌ಮುಂಡ್‌ನಿಂದ ವಾಲ್ವಿಸ್ ಬೇಗೆ ಹೋಗುವ ರಸ್ತೆಯ ಒಂದು ಬದಿಗೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಬದಿಗೆ ನಮೀಬ್ ಮರುಭೂಮಿಯ ಮರಳುದಿಬ್ಬಗಳು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಈ ಮಂಜಿಗೂ ಇಲ್ಲಿನ ಅಪಾರ ಮೀನಿಗೂ ದಕ್ಷಿಣದಿಂದ ಹರಿದುಬರುವ ಬೆಂಗ್ವೆಲಾ ಎಂಬ ಶೀತಪ್ರವಾಹವೇ ಕಾರಣ. ಮೀನಿದ್ದಲ್ಲಿಗೆ ಹಡಗು ಬರುತ್ತದೆ, ಹಡಗಿನ ಬೆನ್ನಿಗೆ ಹಕ್ಕಿ.

ನಮೀಬಿಯಾದ ಈ ಬಂದರಿಗೆ ಪ್ರವಾಸಿಗರು ಬರುವುದು ರಾಜಹಂಸಗಳಿಗಾಗಿ. ಹಿನ್ನೀರಿನಲ್ಲಿ ಅವು ಗುಲಾಬಿ ಬಣ್ಣ ಚೆಲ್ಲಿದಂತೆ ನಿಂತಿದ್ದವು. ನನಗೆ ಮಾತ್ರ ಮೇಮೆ ಇತುಂಬಾಪೊ ಎಂಬ ಮಹಿಳೆಯರ ಗುಂಪಿನ ಕೆಲಸ ನೋಡುವ ಆತುರ. ಕಪ್ಪೆಚಿಪ್ಪಿನ ಆಭರಣ ಮಾಡುತ್ತಿದ್ದ ಈ ಹೆಂಗಸರು ಈಗ ಮೀನುಗಾರಿಕೆ ಹಡಗುಗಳಿಗೆ ಹಕ್ಕಿ ಬೆದರಿಸುವ ಹಗ್ಗ ಕಟ್ಟಿಕೊಡುತ್ತಾರೆ. ಒಬ್ಬಾಕೆ ನೆಲದ ಮೇಲೆ ಹಗ್ಗ ಚಾಚಿ, ಬಣ್ಣದ ಪಟ್ಟಿಗಳನ್ನು ಜೋಡಿಜೋಡಿಯಾಗಿ ಗಂಟು ಹಾಕುತ್ತಿದ್ದರು. ಪ್ರತಿ ಗಂಟನ್ನೂ ಎರಡು ಬಾರಿ ಜಗ್ಗಿ ನೋಡಿದ ಮೇಲೆಯೇ ಮುಂದಿನದಕ್ಕೆ ಕೈ. ಮುಗಿದ ಹಗ್ಗ ನಮ್ಮೂರ ಜಾತ್ರೆಯ ತೋರಣದಂತಿತ್ತು.

ಇದರ ಕೆಲಸ ಸರಳ. ಹೇಕ್ ಮೀನಿಗಾಗಿ ಹಡಗಿನ ಹಿಂಬದಿಯಿಂದ ಸಾವಿರಾರು ಗಾಳಗಳಿರುವ ಉದ್ದನೆಯ ಹಗ್ಗವನ್ನು ಕಡಲಿಗೆ ಬಿಡುತ್ತಾರೆ. ಗಾಳದ ಎರೆ ಮುಳುಗುವ ಮೊದಲೇ ಹಕ್ಕಿ ಎರಗಿ ನುಂಗಿದರೆ, ಗಾಳ ಅದನ್ನೂ ನೀರಿನಾಳಕ್ಕೆ ಎಳೆದುಕೊಳ್ಳುತ್ತದೆ. ಹಡಗಿನ ಎತ್ತರದಿಂದ ಈ ಬಣ್ಣದ ಹಗ್ಗವನ್ನು ಹಿಂದಕ್ಕೆ ಎಳೆದು ಕಟ್ಟಿದರೆ ಪಟ್ಟಿಗಳು ಗಾಳಿಗೆ ಪಟಪಟಿಸುತ್ತವೆ. ಹಕ್ಕಿಗಳು ದೂರ ಉಳಿಯುತ್ತವೆ, ಅಷ್ಟರಲ್ಲಿ ಎರೆ ಕೆಳಗಿಳಿದಿರುತ್ತದೆ. ಎರೆ ಹಕ್ಕಿಯ ಪಾಲಾಗದಿರುವುದು ಮೀನುಗಾರನಿಗೂ ಲಾಭವೇ.

ಸಾಯುತ್ತಿದ್ದವು ಎಂಥ ಹಕ್ಕಿಗಳು! ಹಳದಿ ಮೂಗಿನ ಅಟ್ಲಾಂಟಿಕ್ ಆಲ್ಬಟ್ರಾಸ್ ಗೂಡು ಕಟ್ಟುವುದು ದಕ್ಷಿಣ ಅಟ್ಲಾಂಟಿಕ್‌ನ ನಡುವಿನ ಟ್ರಿಸ್ಟಾನ್ ಡ ಕುನ್ಹ ಮತ್ತು ಗಾಫ್ ದ್ವೀಪಗಳಲ್ಲಿ ಮಾತ್ರ. ಇಡುವುದು ಒಂದೇ ಮೊಟ್ಟೆ. ತಂದೆತಾಯಿಯರಲ್ಲಿ ಒಂದು ಗಾಳಕ್ಕೆ ಸಿಕ್ಕಿದರೆ ದೂರದ ಗೂಡಿನ ಮರಿಯೂ ಉಳಿಯುವುದು ಕಷ್ಟ. ಬಿಳಿ ಗದ್ದದ ಪೆಟ್ರೆಲ್ ಎಂಬ ಕಡಲಹಕ್ಕಿಯಂತೂ ರಾತ್ರಿಯೂ ಬೇಟೆಯಾಡುತ್ತದೆ, ಆಳಕ್ಕೂ ಮುಳುಗುತ್ತದೆ. ಹಾಗಾಗಿ ಕತ್ತಲಲ್ಲಿ ಗಾಳ ಬಿಟ್ಟರಷ್ಟೇ ಸಾಲದು. ಗಾಳ ಬೇಗ ಮುಳುಗಲು ಭಾರವನ್ನೂ ಕಟ್ಟಬೇಕು.

2015ರಲ್ಲಿ ನಮೀಬಿಯಾ ಈ ಹಗ್ಗವನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿತು. 2009ರಲ್ಲಿ ಗಾಳದ ಹಡಗುಗಳಿಂದ ಸತ್ತ ಹಕ್ಕಿಗಳು ಸುಮಾರು 22,000 ಎಂಬ ಅಂದಾಜಿತ್ತು. 2018ರ ಹೊತ್ತಿಗೆ ಅದು ಇನ್ನೂರರ ಆಸುಪಾಸಿಗೆ ಇಳಿಯಿತು. ಮೀನುಗಾರಿಕೆಯಿಂದ ಕಡಲಹಕ್ಕಿಗಳು ಸಾಯದಂತೆ ನೋಡಿಕೊಳ್ಳಲು ದುಡಿಯುವ ಆಲ್ಬಟ್ರಾಸ್ ಟಾಸ್ಕ್ ಫೋರ್ಸ್ ಎಂಬ ತಂಡದವರು ವರ್ಷಗಟ್ಟಲೆ ಹಡಗು ಹತ್ತಿ, ಹಗ್ಗ ಕಟ್ಟುವ ಬಗೆಯನ್ನು ನಾವಿಕರಿಗೆ ತೋರಿಸಿಕೊಟ್ಟದ್ದರ ಫಲವೂ ಇದರಲ್ಲಿದೆ. ಆದರೆ ಒಳ್ಳೆಯ ಮನಸ್ಸೊಂದನ್ನೇ ನಂಬಿ ಕುಳಿತಿದ್ದರೆ ಇಷ್ಟು ಬೇಗ ಇಷ್ಟು ಬದಲಾವಣೆ ಆಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಸಂಜೆ ಬಂದರಿನ ಬೇಲಿಯಾಚೆ, ಬಲೆ ಎಳೆದು ಮೀನು ಹಿಡಿಯುವ ಟ್ರಾಲರ್ ಹಡಗುಗಳು ಸಾಲಾಗಿ ನಿಂತಿದ್ದವು. ಅವುಗಳ ಅಪಾಯ ಬೇರೆ ಬಗೆಯದು. ಹಡಗಿನಿಂದ ಎಸೆದ ಮೀನಿನ ತ್ಯಾಜ್ಯಕ್ಕೆ ಮುಗಿಬೀಳುವ ಹಕ್ಕಿಗಳ ರೆಕ್ಕೆಗೆ, ಬಲೆ ಎಳೆಯುವ ಉಕ್ಕಿನ ಕೇಬಲ್ ಬಡಿಯುತ್ತದೆ. ಅಲ್ಲಿ ಸಾವು ಗಾಳದ ಹಡಗುಗಳಷ್ಟು ಇಳಿದಿಲ್ಲ. ಬಣ್ಣದ ಹಗ್ಗವನ್ನು ಅವೂ ಕಟ್ಟಲೇಬೇಕು. ನಡುಗಡಲಿನಲ್ಲಿ ಅದನ್ನು ನಿಜಕ್ಕೂ ಇಳಿಬಿಡುತ್ತಾರೆಯೇ ಎಂದು ನೋಡಲು ಹಡಗಿನಲ್ಲೇ ಒಬ್ಬ ವೀಕ್ಷಕ ಇರಬೇಕು.