ಹಿದಾ ಸೀಮೆಯಲ್ಲಿ 20 ಇದ್ದದ್ದು 4 ಆದದ್ದು ಹೇಗೆ

ಜಪಾನಿನ ಗಿಫು ಪ್ರಾಂತ್ಯದ ಉತ್ತರಕ್ಕಿರುವ ಬೆಟ್ಟಸೀಮೆಗೆ ಹಿದಾ ಎಂದು ಹೆಸರು. 2004ರ ಜನವರಿ ಕೊನೆಯವರೆಗೂ ಅಲ್ಲಿ 20 ಸ್ಥಳೀಯ ಆಡಳಿತಗಳಿದ್ದವು: ತಕಾಯಾಮಾ ನಗರ ಒಂದು, ಓನೊ ಗುನ್‌ನಲ್ಲಿ ಎಂಟು, ಯೋಶಿಕಿ ಗುನ್‌ನಲ್ಲಿ ಆರು, ಮಾಶಿತಾ ಗುನ್‌ನಲ್ಲಿ ಐದು. ಸರಿಯಾಗಿ ಒಂದು ವರ್ಷ ಕಳೆದು 2005ರ ಫೆಬ್ರವರಿ 1 ಬಂದಾಗ ಉಳಿದದ್ದು ನಾಲ್ಕೇ. ತಕಾಯಾಮಾ, ಹಿದಾ, ಗೆರೊ ಎಂಬ ಮೂರು ನಗರಗಳು, ಮತ್ತು ಶಿರಕಾವಾ ಎಂಬ ಒಂದು ಹಳ್ಳಿ.

ಮೊದಲು ಈ ‘ಗುನ್’ ಏನೆಂದು ತಿಳಿಯಬೇಕು. ತಾಲೂಕು ಎಂದು ಅನುವಾದಿಸಿದರೆ ದಾರಿ ತಪ್ಪುತ್ತದೆ, ಏಕೆಂದರೆ ಗುನ್‌ಗೆ ಕಚೇರಿ ಇಲ್ಲ, ಅಧಿಕಾರಿ ಇಲ್ಲ, ಬಜೆಟ್ಟೂ ಇಲ್ಲ. ಒಂದು ಕಾಲದಲ್ಲಿ ಎಲ್ಲವೂ ಇತ್ತು. 1890ರ ಕಾಯ್ದೆ ಅದಕ್ಕೊಂದು ಸಭೆಯನ್ನೂ ಕೊಟ್ಟಿತ್ತು. 1923ರಲ್ಲಿ ಸ್ವಯಮಾಡಳಿತ ಹೋಯಿತು, 1926ರಲ್ಲಿ ಕಚೇರಿಯೂ ಮುಚ್ಚಿತು. ಅಲ್ಲಿಂದೀಚೆಗೆ ಗುನ್ ಎಂದರೆ ಪಟ್ಟಣ ಮತ್ತು ಹಳ್ಳಿಗಳ ವಿಳಾಸದಲ್ಲಿ ಬರುವ ಒಂದು ಹೆಸರು. ಅದರ ಒಂದೇ ನಿಯಮ ಮಾತ್ರ ಬಹಳ ಗಟ್ಟಿ: ನಗರ ಯಾವ ಗುನ್‌ಗೂ ಸೇರುವುದಿಲ್ಲ. ಪಟ್ಟಣವೊಂದು ನಗರವಾದ ದಿನ, ಅಥವಾ ಹಳ್ಳಿಯೊಂದು ನಗರದೊಳಗೆ ಸೇರಿದ ದಿನ, ಅದು ಗುನ್‌ನಿಂದ ಹೊರಬಿತ್ತೆಂದೇ ಲೆಕ್ಕ. ಕೊನೆಯ ಹಳ್ಳಿ ಹೊರಟಾಗ ಗುನ್ ತಾನಾಗಿಯೇ ಅಳಿಯುತ್ತದೆ.

ಹಿದಾದಲ್ಲಿ ಆದದ್ದೂ ಇದೇ. 2004ರ ಫೆಬ್ರವರಿ 1ರಂದು ಫುರುಕಾವಾ, ಕಾಮಿಯೋಕಾ ಪಟ್ಟಣಗಳೂ ಕವಾಯಿ, ಮಿಯಾಗಾವಾ ಹಳ್ಳಿಗಳೂ ಕೂಡಿ ಹಿದಾ ನಗರವಾದವು. ಮಾರ್ಚ್ 1ರಂದು ಹಾಗಿವಾರಾ, ಒಸಾಕಾ, ಗೆರೊ, ಕನಾಯಾಮಾ ಪಟ್ಟಣಗಳೂ ಮಾಜೆ ಹಳ್ಳಿಯೂ ಗೆರೊ ನಗರವಾದವು, ಮಾಶಿತಾ ಗುನ್ ಅಲ್ಲಿಗೆ ಮುಗಿಯಿತು. ಮರುವರ್ಷ ತಕಾಯಾಮಾ ಒಂಬತ್ತು ಊರುಗಳನ್ನು ಒಟ್ಟಿಗೆ ಸೇರಿಸಿಕೊಂಡಿತು. ಯೋಶಿಕಿಯಲ್ಲಿ ಉಳಿದಿದ್ದ ಎರಡೂ ಹೋದವು, ಓನೊದ ಎಂಟರಲ್ಲಿ ಏಳು ಹೋದವು. ತಕಾಯಾಮಾದ ವಿಸ್ತೀರ್ಣ 2,177 ಚದರ ಕಿ.ಮೀ. ದಾಟಿತು. ವಿಸ್ತೀರ್ಣದಲ್ಲಿ ಅದು ಜಪಾನಿನ ಅತಿ ದೊಡ್ಡ ನಗರ, ಇಡೀ ಒಸಾಕಾ ಪ್ರಾಂತ್ಯಕ್ಕಿಂತ (ಮೇಲೆ ಹೇಳಿದ ಒಸಾಕಾ ಪಟ್ಟಣ ಬೇರೆ) ದೊಡ್ಡದು. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕಾಡು.

ವಿಲೀನದಲ್ಲಿ ಎರಡು ಬಗೆ. ಎಲ್ಲರೂ ಅಳಿದು ಹೊಸದೊಂದು ಹುಟ್ಟುವುದು ಹೊಸ ಸ್ಥಾಪನೆ. ಒಂದು ಉಳಿದು ಮಿಕ್ಕವು ಅದರೊಳಗೆ ಹೋಗುವುದು ಸೇರ್ಪಡೆ. ಹೊಸ ಸ್ಥಾಪನೆಯಲ್ಲಿ ಎಲ್ಲ ಮೇಯರ್‌ಗಳ ಹುದ್ದೆ ಅದೇ ದಿನ ಮುಗಿಯುತ್ತದೆ, 50 ದಿನದೊಳಗೆ ಚುನಾವಣೆ ಆಗಬೇಕು, ಅಲ್ಲಿಯವರೆಗೆ ಒಬ್ಬ ಹಂಗಾಮಿ ನಿರ್ವಾಹಕರು ಸಹಿ ಹಾಕುತ್ತಾರೆ. ಸೇರ್ಪಡೆಯಲ್ಲಿ ದೊಡ್ಡ ನಗರದ ಮೇಯರ್, ಅದರ ಉಪವಿಧಿ, ಅದರ ಸಂಕೇತ ಸಂಖ್ಯೆ (ಸರ್ಕಾರಿ ಪಟ್ಟಿಯಲ್ಲಿ ಪ್ರತಿ ಊರಿಗೂ ಇರುವ ಅಂಕಿ) ಎಲ್ಲವೂ ಹಾಗೇ ಮುಂದುವರಿಯುತ್ತವೆ. ಹಿದಾ, ಗೆರೊ ಮೊದಲ ಬಗೆ, ತಕಾಯಾಮಾ ಎರಡನೆಯದು. ಯಾವ ಬಗೆ, ಯಾವ ದಿನ, ಯಾವ ಹೆಸರು, ಮುಖ್ಯ ಕಚೇರಿ ಎಲ್ಲಿ: ವಿಲೀನ ಸಮಾಲೋಚನಾ ಸಭೆ ಈ ನಾಲ್ಕನ್ನು ಮೊದಲು ತೀರ್ಮಾನಿಸಬೇಕು. ನೀರಿನ ದರ, ಆರೋಗ್ಯ ವಿಮೆಯ ಕಂತು, ಕಸದ ಶುಲ್ಕಗಳನ್ನು ಹೊಂದಿಸುವುದು ಆಮೇಲಿನ ಕೆಲಸ. ಮಾತು ಮುರಿದುಬೀಳುವುದು ಹೆಚ್ಚಾಗಿ ಹೆಸರು ಮತ್ತು ಕಚೇರಿಯ ಮೇಲೆಯೇ. ಒಪ್ಪಂದಕ್ಕೆ ಸಹಿ ಬಿದ್ದ ನಂತರ ಪ್ರತಿ ಊರಿನ ಸಭೆಯ ನಿರ್ಣಯ, ಪ್ರಾಂತ್ಯ ಸಭೆಯ ನಿರ್ಣಯ, ಗವರ್ನರ್ ತೀರ್ಮಾನ, ಕೊನೆಗೆ ಕೇಂದ್ರ ಸಚಿವರ ಪ್ರಕಟಣೆ.

ಇಷ್ಟೆಲ್ಲ ಒಂದೇ ಕಾಲಕ್ಕೆ ನಡೆದದ್ದು ಹಣಕ್ಕಾಗಿ. ವಿಲೀನ ವಿಶೇಷ ಕಾಯ್ದೆಯ ಗಡುವು 2005ರ ಮಾರ್ಚ್ ಕೊನೆಗಿತ್ತು. ಅದರಡಿ ಒಂದಾದವರು ಕಟ್ಟಡ, ರಸ್ತೆಗಳ ವೆಚ್ಚದ ಶೇ. 95ರಷ್ಟನ್ನು ವಿಶೇಷ ಸಾಲವಾಗಿ ಎತ್ತಬಹುದಿತ್ತು, ಮರುಪಾವತಿಯ ಶೇ. 70ರಷ್ಟನ್ನು ಕೇಂದ್ರ ತನ್ನ ಅನುದಾನದ ಲೆಕ್ಕದಲ್ಲಿ ತುಂಬಿಕೊಡುತ್ತಿತ್ತು. 100 ಯೆನ್ ಕೆಲಸಕ್ಕೆ 95 ಸಾಲ, ಅದರಲ್ಲಿ 66.5 ಕೇಂದ್ರದ್ದು, ಊರಿನ ಪಾಲು 33.5. ಬಡ್ಡಿಯ ಮಾತು ಬೇರೆ. ಜೊತೆಗೆ ನಗರವಾಗಲು ಬೇಕಿದ್ದ 50,000 ಜನಸಂಖ್ಯೆಯನ್ನು 30,000ಕ್ಕೆ ಇಳಿಸಲಾಗಿತ್ತು. ಆ ಸಡಿಲಿಕೆ ಇಲ್ಲದಿದ್ದರೆ ಹಿದಾವೂ ಗೆರೊವೂ ನಗರಗಳಾಗುತ್ತಿರಲಿಲ್ಲ.

ಇನ್ನೂ ದೊಡ್ಡದು ಅನುದಾನದ ಲೆಕ್ಕ. ಸಣ್ಣ ಊರಿಗೆ ತಲೆಗೆ ಹೆಚ್ಚು ಹಣ ಸಿಗುತ್ತದೆ, ಒಂದಾದರೆ ಆ ಅನುಕೂಲ ತಪ್ಪುತ್ತದೆ. ಅದಕ್ಕೇ ವಿಲೀನದ ವರ್ಷ ಮತ್ತು ನಂತರದ ಹತ್ತು ವರ್ಷ ಒಂದಾಗಿಲ್ಲವೆಂದೇ ಭಾವಿಸಿ ಹಣ ಕೊಟ್ಟರು. ಆಮೇಲಿನ ಐದು ವರ್ಷ ಆ ಹೆಚ್ಚುವರಿಯ 0.9, 0.7, 0.5, 0.3, 0.1 ಪಾಲು ಮಾತ್ರ. ತಕಾಯಾಮಾಕ್ಕೆ ಈ ಇಳಿಜಾರು 2015ರ ಲೆಕ್ಕವರ್ಷದಲ್ಲಿ ಶುರು. ಜನ ಕಡಿಮೆಯಾಗುತ್ತಿದ್ದ ವರ್ಷಗಳಲ್ಲೇ ಹಣವೂ ಇಳಿಯಿತು, ಆದರೆ ಹಿಮ ತೆಗೆಯಬೇಕಾದ ರಸ್ತೆಯ ಉದ್ದ ಒಂದು ಮೀಟರೂ ಕಡಿಮೆಯಾಗಲಿಲ್ಲ. ಬೆಟ್ಟಸೀಮೆಗೆ ತಲೆ ಎಣಿಸುವ ಲೆಕ್ಕ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ನಕಾಶೆ ಬಿಡಿಸಿ ನದಿಗಳನ್ನು ನೋಡಿದರೆ ವಿಷಯ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಮಿಯಾ ನದಿ ತಕಾಯಾಮಾ ಪೇಟೆಯ ನಡುವೆ ಉತ್ತರಕ್ಕೆ ಹರಿದು, ಫುರುಕಾವಾ ದಾಟಿ, ಪ್ರಾಂತ್ಯದ ಗಡಿಯಲ್ಲಿ ತಕಾಹಾರಾ ನದಿಯನ್ನು ಕೂಡಿಕೊಂಡು ಜಿಂಜು ನದಿಯಾಗಿ ಜಪಾನ್ ಸಮುದ್ರ ಸೇರುತ್ತದೆ. ಹಿದಾ ನದಿ ತಕಾನೆ, ಅಸಾಹಿ, ಕುಗುನೊ ಹಾದು ದಕ್ಷಿಣಕ್ಕೆ ಗೆರೊ ಕಡೆ ಇಳಿದು, ಕಿಸೊ ನದಿಯ ಮೂಲಕ ಪೆಸಿಫಿಕ್ ಕಡೆ ಹೋಗುತ್ತದೆ. ಶೋ ನದಿ ಶೋಕಾವಾ, ಶಿರಕಾವಾಗಳ ಮೂಲಕ ಬೇರೆಯೇ ಕಣಿವೆಯಲ್ಲಿ ಉತ್ತರಕ್ಕೆ. ವಿಲೀನದ ಗೆರೆ ಈ ಮೂರನ್ನೂ ಕತ್ತರಿಸಿದೆ. ತಕಾಹಾರಾದ ಮೇಲ್ಭಾಗದ ಕಾಮಿತಕಾರಾ ತಕಾಯಾಮಾಕ್ಕೆ ಹೋಯಿತು, ಕೆಳಗಿನ ಕಾಮಿಯೋಕಾ ಹಿದಾ ನಗರಕ್ಕೆ. ಹಿದಾ ನದಿಯ ಮೇಲ್ಭಾಗ ತಕಾಯಾಮಾದ್ದು, ಕೆಳಭಾಗ ಗೆರೊದ್ದು. ಕುಗುನೊದಿಂದ ನಗರದ ಮುಖ್ಯ ಕಚೇರಿಗೆ ಹೋಗಬೇಕಾದರೆ ಮಿಯಾ ಕಣಿವೆದಾರಿ ಏರಿ ಜಲವಿಭಾಜಕ ದಾಟಬೇಕು. ಒಂದೇ ಮಳೆಗೆ ಮೇಲಿನವರೂ ಕೆಳಗಿನವರೂ ಎಚ್ಚರವಾಗಬೇಕಾದಾಗ ಎರಡು ನಗರ ಕಚೇರಿಗಳು ಮಾತಾಡಿಕೊಳ್ಳಬೇಕು. ಹಳೆಯ ಊರುಗಳಲ್ಲಿ ಶಾಖಾ ಕಚೇರಿಗಳನ್ನು ಉಳಿಸಿಕೊಳ್ಳುವುದು ಇಲ್ಲಿ ಅನಿವಾರ್ಯ, ಅದು ಯಾರಿಗೋ ಮಾಡುವ ಉಪಕಾರವಲ್ಲ.

ಹಳೆಯ ದಾಖಲೆ ಓದುವವರು ಹೆಸರುಗಳಲ್ಲಿ ಎಡವುವುದು ಹೆಚ್ಚು. ಓನೊ ಗುನ್ ಕಿಯೋಮಿ ಹಳ್ಳಿ ಈಗ ತಕಾಯಾಮಾ ನಗರ ಕಿಯೋಮಿ-ಚೋ (ಚೋ, ಮಾಚಿ ಎಂದರೆ ಪಟ್ಟಣ ಅಥವಾ ಪೇಟೆ): ಇದು ಸುಲಭ. ಮಿಯಾ ಹಳ್ಳಿ ಇಚಿನೊಮಿಯಾ-ಮಾಚಿ ಆಗಿದೆ. ಕಾಮಿತಕಾರಾದ ಬಿಸಿನೀರ ಬುಗ್ಗೆಗಳ ಭಾಗ ಒಕುಹಿದಾ ಒನ್ಸೆನ್‌ಗೋ ಎಂಬ ಹೆಸರು ಪಡೆದಿದೆ. ರೈಲು ನಿಲ್ದಾಣದ ಹೆಸರಿನಲ್ಲಿ ‘ಹಿದಾ’ ಕಂಡರೆ ಹಿದಾ ನಗರವೆಂದು ತಿಳಿಯಬಾರದು: ಹಿದಾ-ಫುರುಕಾವಾ ಹಿದಾ ನಗರದಲ್ಲಿದೆ, ಹಿದಾ-ಕೊಕುಫು ತಕಾಯಾಮಾದಲ್ಲಿ, ಹಿದಾ-ಹಾಗಿವಾರಾ ಗೆರೊದಲ್ಲಿ. ಇಡೀ ಸೀಮೆಯ ಹೆಸರನ್ನು ಅದರ ಒಂದು ಮೂಲೆಯ ನಗರಕ್ಕೆ ಇಟ್ಟದ್ದು ಸರಿಯಾದ ಆಯ್ಕೆಯಾಗಿರಲಿಲ್ಲ.

ಶಿರಕಾವಾ ಯಾರೊಂದಿಗೂ ಸೇರಲಿಲ್ಲ. ಸುಮಾರು 1,500 ಜನರ ಹಳ್ಳಿ, ಹುಲ್ಲುಮಾಡಿನ ಗಾಶ್ಶೊ ಮನೆಗಳಿಂದಾಗಿ 1995ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಡೀ ಓನೊ ಗುನ್ ಈಗ ಅದೊಂದೇ. ಆಡಳಿತ ಸಂಕೇತಗಳ ಪಟ್ಟಿಯಲ್ಲಿ ಗಿಫುಗೆ 21, ಓನೊ ಗುನ್‌ನ ಎಂಟು ಊರುಗಳಿಗೆ 21601ರಿಂದ 21608. ಇಂದು ಚಾಲ್ತಿಯಲ್ಲಿರುವುದು ಶಿರಕಾವಾದ 21604 ಮಾತ್ರ. ಹಿಂದಿನ ಮೂರೂ ಮುಂದಿನ ನಾಲ್ಕೂ ಖಾಲಿ.